ಮೆತ್ತಗೆ ಹೊಡಿ

ಟೇಬಲ್ ಟೆನ್ನಿಸ್ ಹಾಲಿನ ಮೆಟ್ಟಿಲ ಕೆಳಗೆ ಕೋಣೆ ಅನ್ನಿಸಿಕೊಳ್ಳಲೂ ಸಂಕೋಚಪಡುವಂಥ ಒಂದು ಜಾಗವಿತ್ತು. ಅಲ್ಲಿ ತಲೆ ತಗ್ಗಿಸಿ ಕೂತು ಬ್ಯಾಟುಗಳಿಗೆ ರಬ್ಬರ್ ಅಂಟಿಸಿಕೊಡುವವನನ್ನು ಆಟಗಾರರೆಲ್ಲ ಅಂಟುಮಾವ ಎಂದು ಕರೆಯುತ್ತಿದ್ದರು. ನಿಜಕ್ಕೂ ಅವನು ಮಾವನಾಗಿದ್ದುದು ಒಬ್ಬಳಿಗೆ ಮಾತ್ರ, ಅಕ್ಕನ ಮಗಳಿಗೆ. ಅವಳ ಹೊಡೆತದ ಸದ್ದು ಕೇಳಿ ಅಲ್ಲಿನ ಆಟಗಾರರು ಅವಳಿಗೆ ಪಟಾಕಿ ಎಂದು ಹೆಸರಿಟ್ಟಿದ್ದರು.

ಅಂಟುಮಾವ ಇಪ್ಪತ್ತೆರಡು ವರ್ಷ ಕಾಲೇಜಿನ ಭೌತಶಾಸ್ತ್ರದ ಪ್ರಯೋಗಾಲಯದಲ್ಲಿ ಉಪಕರಣಗಳನ್ನು ನೋಡಿಕೊಂಡವನು. ಕೆಲಸ ಬಿಟ್ಟರೂ ಅಳೆಯುವ ಚಟ ಬಿಡಲಿಲ್ಲ. "ಮಾವ, ಒಂದು ಒಳ್ಳೇ ರಬ್ಬರ್ ಹಾಕಿಕೊಡು" ಎಂದು ಯಾರಾದರೂ ಬಂದರೆ ಸಿಡುಕುತ್ತಿದ್ದ. "ಒಳ್ಳೇ ಚಪ್ಪಲಿ ಅಂತ ಇರುತ್ತೇನಯ್ಯಾ? ಯಾರ ಕಾಲಿಗೆ ಅಂತ ಮೊದಲು ಹೇಳು."

ಆ ವರ್ಷ ಹೊಸದಾಗಿ ಬಂದ ಮೆತ್ತನೆಯ ರಬ್ಬರನ್ನೂ ಅವನು ಹಾಗೇ ಪರೀಕ್ಷೆಗೆ ಒಡ್ಡಿದ್ದ. ಹೆಬ್ಬೆರಳಿನಿಂದ ಒತ್ತಿದರೆ ಅದರ ಅಡಿಯ ಸ್ಪಂಜು ಕೆನ್ನೆಯ ಹಾಗೆ ಒಳಕ್ಕೆ ಹೋಗುತ್ತಿತ್ತು. ಬ್ಯಾಟು ಅಡ್ಡ ಹಿಡಿದು ನಿಲ್ಲುವುದೇ ಆಟ ಎಂದುಕೊಂಡಿದ್ದ ನಿವೃತ್ತ ಪೋಸ್ಟ್‌ಮಾಸ್ಟರರು ಅದರಲ್ಲಿ ಆಡಿ, "ಇದೇನು ಮಾರಾಯ, ಚೆಂಡು ನನ್ನ ಮಾತು ಕೇಳ್ತಿದೆ! ಮನೆಯಲ್ಲೇ ಯಾರೂ ಕೇಳಲ್ಲ" ಎಂದರು. ಚೆಂಡನ್ನು ಮೆಲ್ಲಗೆ ಸವರಿ ತಿರುಗಿಸುವ ಹಲ್ಲಿನ ಡಾಕ್ಟರಮ್ಮನಿಗೆ ಆ ರಬ್ಬರಿನಿಂದ ಸ್ಪಿನ್ ಇಮ್ಮಡಿಯಾಯಿತು. ಮೈಯೆಲ್ಲ ಹಾಕಿ ಬಾರಿಸುವ ಲಾರಿ ಡ್ರೈವರ್ ಮಾತ್ರ ಹತ್ತು ನಿಮಿಷಕ್ಕೇ ಬ್ಯಾಟು ವಾಪಸ್ ಕೊಟ್ಟ. "ಹಾಸಿಗೆಗೆ ಗುದ್ದಿದಂಗೆ ಆಗುತ್ತೆ ಮಾವ. ಚೆಂಡು ಎಲ್ಲಿಗೆ ಹೋಗುತ್ತೆ ಅಂತ ಅದಕ್ಕೂ ಗೊತ್ತಿಲ್ಲ, ನಂಗೂ ಗೊತ್ತಿಲ್ಲ."

ಅಂಟುಮಾವನಿಗೆ ಕಾರಣ ಗೊತ್ತಿತ್ತು. ಹೊಡೆತ ಹಗುರವಾಗಿದ್ದರೆ ಸ್ಪಂಜು ಅರ್ಧ ಕುಗ್ಗಿ, ಚೆಂಡನ್ನು ಒಂದು ಕ್ಷಣ ಹಿಡಿದು, ಹದವಾಗಿ ಕಳಿಸುತ್ತದೆ. ಜೋರಾಗಿದ್ದರೆ ಪೂರ್ತಿ ಕುಗ್ಗಿ ತಳ ಮುಟ್ಟುತ್ತದೆ. ಆಮೇಲೆ ಚೆಂಡಿಗೆ ಸಿಗುವುದು ಬರೀ ಮರ. ಅವನು ತನ್ನ ನೋಟುಪುಸ್ತಕದಲ್ಲಿ ಬರೆದುಕೊಂಡ: ಮಂದ ಕೈಗೆ ಉತ್ತಮ, ಮಧ್ಯಮ ಕೈಗೆ ಅಡ್ಡಿಯಿಲ್ಲ, ಜೋರು ಕೈಗೆ ಸಲ್ಲದು.

ಅದೇ ಹೊತ್ತಿಗೆ ಪಟಾಕಿಯ ಬಲಭುಜ ಕೈಕೊಟ್ಟಿತು. ತಲೆ ಬಾಚಲೂ ಎಡಗೈ, ಚೀಲ ಹೊರಲೂ ಎಡಭುಜ. ಅಕ್ಕ ಮೆಟ್ಟಿಲ ಕೆಳಗಿನ ಕೋಣೆಗೇ ಬಂದು ನಿಂತಳು.

"ಜೂನಿಯರ್ ತಂಡದ ಆಯ್ಕೆ ಹತ್ತಿರ ಬಂತು, ಬಿಟ್ಟುಬಿಡೇ ಅಂದ್ರೆ ಕೇಳಲ್ಲ. ವಯಸ್ಸಿನ ಲೆಕ್ಕದಲ್ಲಿ ಇದೇ ಕೊನೇ ವರ್ಷವಂತೆ. ನಿನ್ನ ಮಾತಾದ್ರೂ ಕೇಳ್ತಾಳೆ. ಅವಳ ಕೈಗೆ ಭಾರ ಬೀಳದ ಹಾಗೆ ಏನಾದ್ರೂ ಮಾಡೋ."

ಆಯ್ಕೆಗೆ ಮೂರು ವಾರ ಇದ್ದಾಗ ಅವನು ಮೆತ್ತನೆಯ ರಬ್ಬರನ್ನು ಅವಳ ಕೈಗೆ ಕೊಟ್ಟು, ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಎಣಿಸಿದ. ನಲವತ್ತು ಹೊಡೆತದಲ್ಲಿ ಮೂವತ್ತಾರು ಮೇಜಿನ ಮೇಲೆ. ಹಳೆಯ ಗಟ್ಟಿ ರಬ್ಬರಿನಲ್ಲಿ ಇಪ್ಪತ್ತೇಳು.

"ಮಾವ, ಇದರಲ್ಲಿ ಭುಜ ಅಷ್ಟು ಕುಟುಕಲ್ಲ," ಎಂದಳು.

ಅಷ್ಟು ಸಾಕಾಯಿತು. ಅಂಟು ಸವರಿ, ಬಿಳುಪು ಆರಿ ಗಾಜಿನಂತಾಗುವವರೆಗೆ ಕಾದು, ರೋಲರ್ ಎಳೆದು, ಅಂಚನ್ನು ಬ್ಲೇಡಿನಿಂದ ಒಂದೇ ಎಳೆತಕ್ಕೆ ಕತ್ತರಿಸಿದ. ಅಷ್ಟು ಮಟ್ಟಸವಾಗಿ ಅವನು ಯಾರಿಗೂ ಅಂಟಿಸಿಕೊಟ್ಟಿರಲಿಲ್ಲ. ಗಟ್ಟಿ ರಬ್ಬರಿನ ಹಳೆಯ ಬ್ಯಾಟನ್ನು, ಇರಲಿ ಎಂದು, ಅವಳ ಚೀಲದ ತಳದಲ್ಲಿಟ್ಟ.

ಆಯ್ಕೆಯ ದಿನ ಅವಳ ಬೆಂಚಿನಲ್ಲಿ ಸಲಹೆಗಾರನಾಗಿ ಕೂತವನೂ ಅವನೇ. ಬೆಳಗಿನ ಎರಡು ಪಂದ್ಯಗಳಲ್ಲಿ ಎದುರಾಳಿಗಳು ಎಳಸು. ಅವಳು ಬೆವರದೆ ಗೆದ್ದಳು. ಉಳಿದಿದ್ದು ಒಂದೇ ಪಂದ್ಯ, ತಂಡದಲ್ಲಿ ಉಳಿದಿದ್ದೂ ಒಂದೇ ಜಾಗ. ಎದುರಿಗೆ ಬಂದವಳು ಎತ್ತರದ ಎಡಗೈಯವಳು, ಏನು ಕಳಿಸಿದರೂ ಗೋಡೆಯಂತೆ ವಾಪಸ್ ಕೊಡುವವಳು. ಅಂಪೈರ್ ಇಬ್ಬರ ಬ್ಯಾಟುಗಳನ್ನೂ ತಿರುಗಿಸಿ ನೋಡಿ ಮರಳಿಸಿದರು.

ಮೊದಲ ಗೇಮು ಪಟಾಕಿಗೇ ಬಂತು, ಹನ್ನೊಂದು ಎಂಟು. ಬೆಂಚಿಗೆ ಬಂದವಳ ಮುಖ ಅರಳಿತ್ತು.

"ಮಾವ, ಒಂದು ವಿಷಯ ಹೇಳ್ಲಾ? ನೋವೇ ಇಲ್ಲ!" ಬಲಗೈಯನ್ನು ಕಿವಿಯ ಪಕ್ಕ ನೆಟ್ಟಗೆ ಎತ್ತಿ ತೋರಿಸಿದಳು. "ನಿನ್ನೆಯಿಂದಲೇ ಹಗುರ ಇತ್ತು. ಇನ್ನು ನೋಡು, ಪೂರ್ತಿ ಕೈ ಬಿಡ್ತೀನಿ."

"ಭೇಷ್," ಎಂದ ಅಂಟುಮಾವ. ಎಂದು ಮುಗಿಸುವಷ್ಟರಲ್ಲಿ ಅವನ ಕಣ್ಣು ಅವಳ ಕೈಯಲ್ಲಿದ್ದ ಬ್ಯಾಟಿನ ಮೇಲೆ ಬಿತ್ತು.

ಎರಡನೇ ಗೇಮಿನ ಮೂರನೇ ಪಾಯಿಂಟಿಗೆ ಅವಳು ಪೂರ್ತಿ ಕೈ ಬಿಟ್ಟಳು. ಸದ್ದು ಬೇರೆಯಾಗಿತ್ತು. ಪಟ್ ಎನ್ನಬೇಕಾದದ್ದು ಟೊಕ್ ಎಂದಿತು. ಚೆಂಡು ಮೇಜು ದಾಟಿ ಒಂದು ಗೇಣು ಆಚೆ ಬಿತ್ತು. ಅದು ಸ್ಪಂಜು ತಳ ಮುಟ್ಟಿದ ಸದ್ದು. ಆ ಹಾಲಿನಲ್ಲಿ ಅದನ್ನು ಗುರುತಿಸಬಲ್ಲವನು ಅವನೊಬ್ಬನೇ, ಗುರುತಿಸಿದವನೂ ಅವನೊಬ್ಬನೇ.

ಮೂರು ವಾರದ ಹಿಂದೆ ಕುರ್ಚಿ ಹಾಕಿಕೊಂಡು ಕೂತು ತಾನು ಅಳೆದಿದ್ದೇನು? ನಲವತ್ತಕ್ಕೆ ಮೂವತ್ತಾರು ನಿಜ. ಆದರೆ ಅದು ಅವಳ ಕೈಯ ಅಳತೆಯಲ್ಲ, ನೋವಿನ ಅಳತೆ. ಭುಜ ಹಿಡಿದುಕೊಂಡು, ಅರ್ಧ ಬಲದಲ್ಲಿ ಹೊಡೆದವಳನ್ನು ನೋಡಿ ಮಧ್ಯಮ ಕೈ ಎಂದು ಬರೆದುಕೊಂಡಿದ್ದ. ಹೊಡೆತದ ಸದ್ದಿಗೇ ಹೆಸರು ಪಡೆದವಳನ್ನು! ಪ್ರಯೋಗಾಲಯದಲ್ಲಿ ಹುಡುಗರು ತಕ್ಕಡಿಯ ಸೊನ್ನೆ ಸರಿಮಾಡದೆ ತೂಗಿದರೆ ಇಡೀ ಪುಟಕ್ಕೆ ಕೆಂಪು ಗೀಟೆಳೆಸುತ್ತಿದ್ದವನು ಅವನು.

ಎರಡನೇ ಗೇಮು ಹೋಯಿತು. ಅವಳು ಟವಲಿನಲ್ಲಿ ಮುಖ ಒತ್ತಿಕೊಂಡು ಬಂದಳು.

"ಏನಾಗ್ತಿದೆ ಮಾವ? ಕೈ ಸರಿಯಾಗೇ ಹೋಗ್ತಿದೆ. ಚೆಂಡು ಯಾಕೆ ಆಚೆ ಬೀಳ್ತಿದೆ?"

ಹಳೆಯ ಬ್ಯಾಟು ಅವನ ಕಾಲ ಬಳಿಯ ಚೀಲದಲ್ಲೇ ಇತ್ತು. ಆದರೆ ಪಂದ್ಯದ ನಡುವೆ ಬ್ಯಾಟು ಮುರಿದರೆ ಮಾತ್ರ ಬದಲಾಯಿಸಬಹುದು. ಬೇಕೆಂದೇ ಮುರಿದರೆ ಅದೂ ಇಲ್ಲ. ಹಾಗಂತ ನಿಯಮ, ಅವನೇ ಎಷ್ಟೋ ಜನಕ್ಕೆ ಬಾಯಿಪಾಠ ಮಾಡಿಸಿದ್ದು. ರಬ್ಬರಿನದೇ ತಪ್ಪು ಎಂದರೆ ಕೈಯಲ್ಲಿರುವ ಬ್ಯಾಟಿನ ಮೇಲೆ ಅವಳಿಗೆ ನಂಬಿಕೆ ಹೋಗುತ್ತದೆ. ಹೇಳದಿದ್ದರೆ ತನ್ನ ಕೈಯ ಮೇಲೇ ಅವಳಿಗೆ ನಂಬಿಕೆ ಹೋಗುತ್ತದೆ. ಸಿಕ್ಕಿದ್ದು ಒಂದು ನಿಮಿಷ. ಅದರಲ್ಲಿ ಅರ್ಧವನ್ನು ಅವನು ನೀರಿನ ಬಾಟಲಿಯ ಮುಚ್ಚಳ ತೆಗೆಯುವುದರಲ್ಲೇ ಕಳೆದ.

"ಮೆತ್ತಗೆ ಹೊಡಿ," ಎಂದ ಕೊನೆಗೆ.

"ಏನು?"

"ಮೆತ್ತಗೆ ಹೊಡಿ ಪುಟ್ಟಿ. ನೋವಿದ್ದಾಗ ಹೇಗೆ ಹೊಡೀತಿದ್ದೆಯೋ ಹಾಗೆ."

ಅವಳು ಅವನಿಗೇನೋ ಆಗಿದೆ ಎಂಬಂತೆ ನೋಡಿದಳು. ಆದರೂ ಮಾವನ ಮಾತು. ಮೂರನೇ ಗೇಮಿನಲ್ಲಿ ಮೆತ್ತಗೆ ಹೊಡೆದಳು, ಗೆದ್ದಳು. ನಾಲ್ಕನೆಯದರಲ್ಲೂ ಅದೇ ಪ್ರಯತ್ನ. ಆದರೆ ಎರಡು ತಿಂಗಳು ಕಟ್ಟಿಹಾಕಿದ್ದ ಕೈ ಅದು, ಬಿಚ್ಚಿದ ಮೇಲೆ ಯಾರ ಮಾತು ಕೇಳುತ್ತದೆ? ಎತ್ತರದ ಚೆಂಡು ಸಿಕ್ಕ ಕಡೆಯಲ್ಲೆಲ್ಲ ತಾನಾಗಿ ಎದ್ದಿತು. ಟೊಕ್. ಟೊಕ್. ನಾಲ್ಕನೆಯದು ಹೋಯಿತು.

ಕೊನೆಯ ಗೇಮಿನಲ್ಲಿ ಒಂಬತ್ತು ಒಂಬತ್ತು. ಎಡಗೈಯವಳ ಚೆಂಡು ಎತ್ತರಕ್ಕೆ ಬಂತು, ಬಾ ಹೊಡಿ ಎಂದು ಕರೆಯುವಂತೆ. ಪಟಾಕಿ ಹೊಡೆತ ತಡೆದು ಮೆತ್ತಗೆ ಇಟ್ಟಳು. ಎದುರಾಳಿ ಅದನ್ನೇ ಬಾರಿಸಿದಳು. ಒಂಬತ್ತು ಹತ್ತು. ಮತ್ತೆ ಅಂಥದೇ ಚೆಂಡು. ಈ ಸಲ ಅವಳು ತಡೆಯಲಿಲ್ಲ. ಭುಜ, ಸೊಂಟ, ಕಾಲು ಎಲ್ಲ ಒಂದಾಗಿ ತಿರುಗಿದ ಆ ಹೊಡೆತ ಅವಳ ಬದುಕಿನಲ್ಲೇ ಚೆಂದದ್ದಾಗಿತ್ತು. ಸದ್ದು ಬಂದ ಕೂಡಲೇ ಅಂಟುಮಾವ ಕಣ್ಣು ಮುಚ್ಚಿದ. ಚೆಂಡು ಎಲ್ಲಿ ಬಿತ್ತೆಂದು ನೋಡುವ ಅಗತ್ಯವಿರಲಿಲ್ಲ.

ಹಾಲಿನ ಹೊರಗಿನ ಕಲ್ಲುಬೆಂಚಿನ ಮೇಲೆ ಅವಳು ಅಮ್ಮನಿಗೆ ಫೋನು ಮಾಡಿದಳು. "ಇಲ್ಲಮ್ಮ, ಭುಜ ಚೆನ್ನಾಗಿದೆ. ಸುಳ್ಳಲ್ಲ, ನಿಜವಾಗ್ಲೂ ಚೆನ್ನಾಗಿದೆ. ನಾನೇ ಹಾಳು ಮಾಡ್ಕೊಂಡೆ." ಆಚೆಯಿಂದ ಅಕ್ಕ ಭುಜ ಉಳಿಯಿತಲ್ಲ ಎಂದು ನಿಟ್ಟುಸಿರು ಬಿಟ್ಟಿದ್ದು ಅವನಿಗೂ ಕೇಳಿಸಿತು.

ಫೋನು ಇಟ್ಟ ಮೇಲೆ ಅವನು ಹೇಳಿದ. ಸ್ಪಂಜು, ತಳ, ಮೂವತ್ತಾರು, ಇಪ್ಪತ್ತೇಳು, ಎಲ್ಲವನ್ನೂ. ಹೇಳುತ್ತ ಹೇಳುತ್ತ ಪಾಠದಂತಾಯಿತು. ಬೇರೆ ಹೇಗೆ ಹೇಳಬೇಕೆಂದು ಅವನಿಗೆ ತಿಳಿಯಲಿಲ್ಲ. "ತಪ್ಪು ನಿನ್ನದಲ್ಲ ಕಣೇ. ನನ್ನದು."

ಅವಳು ಬ್ಯಾಟು ತೆಗೆದು ಹೆಬ್ಬೆರಳಿನಿಂದ ರಬ್ಬರನ್ನು ಒತ್ತಿದಳು. ಬೆರಳು ತೆಗೆದರೆ ಗುಳಿ ಮೆಲ್ಲಗೆ ತುಂಬಿಕೊಂಡು, ಏನೂ ಆಗಿಲ್ಲವೆಂಬಂತೆ ಸಮವಾಯಿತು. ಮತ್ತೆ ಒತ್ತಿದಳು.

"ಹಾಗಾದ್ರೆ ಮಾವ, ಇವತ್ತೂ ನೋವಿದ್ದಿದ್ರೆ ಗೆಲ್ತಿದ್ನಾ?"

ಅಂಟುಮಾವನ ಲೆಕ್ಕದಲ್ಲಿ ಉತ್ತರವಿತ್ತು, ಅದು ಹೌದು ಎಂದೇ ಇತ್ತು.

ಅವಳು ಉತ್ತರಕ್ಕೆ ಕಾಯಲಿಲ್ಲ. ಎದ್ದು, ಚೀಲವನ್ನು ಬಲಭುಜಕ್ಕೆ ಏರಿಸಿಕೊಂಡಳು. ಎರಡು ತಿಂಗಳಲ್ಲಿ ಅದೇ ಮೊದಲ ಸಲ. ಅವನು "ಕೊಡು ಇಲ್ಲಿ, ನಾನು ಹೊರ್ತೀನಿ" ಎಂದು ಕೈ ಚಾಚಿದ.

"ಬೇಡ ಮಾವ," ಎಂದಳು. "ನೋಯ್ತಿಲ್ಲ."