ಎಡಗೈಯ ಬಿಪಿ

ಕಾರುಗಳ ನಗ್ಗು ತೆಗೆಯುವ ಆ ಟಿಂಕರ್‌ನನ್ನು ಬೀದಿಯವರೆಲ್ಲ ಸುತ್ತಿಗೆ ಎಂದೇ ಕರೆಯುತ್ತಿದ್ದರು. ಎದುರಿಗಲ್ಲ, ಬೆನ್ನ ಹಿಂದೆ. ಎದುರಿಗೆ ಕರೆದವನ ಮೂತಿಯ ನಗ್ಗು ತೆಗೆಯಲು ಬೇರೆ ಮೇಸ್ತ್ರಿಯೇ ಬೇಕಾಗುತ್ತಿತ್ತು. ಗ್ಯಾರೇಜು ಕೆಳಗೆ, ಮನೆ ಮೇಲೆ. ಹಗಲೆಲ್ಲ ತಗಡು ಬಡಿದದ್ದು ಸಾಲದೆಂಬಂತೆ ಮೇಲೆ ಬಂದು ಹೆಂಡತಿಯನ್ನು ಬಡಿಯುತ್ತಿದ್ದ. ಕಾರಣ ಕೇಳಬೇಡಿ, ಬಡಿಯುವವನಿಗೆ ಕಾರಣಗಳಿಗೇನು ಬರ.

ಅವನ ಅಪ್ಪ ಲಕ್ವ ಹೊಡೆದು, ಬಾಯಿ ಸೊಟ್ಟಗಾಗಿ, ವರ್ಷಗಟ್ಟಲೆ ಜೊಲ್ಲು ಸುರಿಸುತ್ತ ಮಲಗಿದ್ದು ಸತ್ತಿದ್ದ. ಯಾರಿಗೂ ಹೆದರದ ಸುತ್ತಿಗೆ ಅದೊಂದಕ್ಕೆ ಮಾತ್ರ ಹೆದರುತ್ತಿದ್ದ. ಅವನಿಗೂ ಬಿಪಿ ಇದೆ ಎಂದು ಡಾಕ್ಟರು ಹೇಳಿದ ದಿನವೇ ಮನೆಗೆ ಬಿಪಿ ಮಷಿನ್ ಬಂತು. ಬೆಳಿಗ್ಗೆ ಅವನು ಕೆಲಸಕ್ಕೆ ಇಳಿಯುವ ಮೊದಲು ಹೆಂಡತಿ ಅವನ ಬಲತೋಳಿಗೆ ಪಟ್ಟಿ ಸುತ್ತಿ ಗುಂಡಿ ಒತ್ತಬೇಕು. ಅಂಕಿ ಏರಿದ್ದರೆ, ಪಟ್ಟಿ ಬಿಚ್ಚುವ ಮೊದಲೇ ಏಟು ಬೀಳುತ್ತಿತ್ತು.

"ನಿನ್ನ ಮುಖ ನೋಡಿದ್ರೇನೇ ಏರುತ್ತೆ ಕಣೇ. ನನ್ನನ್ನ ಹಾಸಿಗೆ ಹಿಡಿಸೋಕೆ ಅಂತಾನೇ ಕಾಯ್ತಿದೀಯ."

ಹೀಗೆ ಆ ಮನೆಯಲ್ಲಿ ಗಂಡನ ರಕ್ತದೊತ್ತಡ ಹೆಂಡತಿಯ ಮೈಮೇಲೆ ನೀಲಿಗಟ್ಟುತ್ತಿತ್ತು. ಬೆಳಿಗ್ಗೆ ಆ ಮಷಿನ್ ಗುಂಯ್ ಎಂದು ಗಾಳಿ ತುಂಬಲು ಶುರುಮಾಡಿತೆಂದರೆ ಒಳಕೋಣೆಯಲ್ಲಿದ್ದ ಕಾಲೇಜಿಗೆ ಹೋಗುವ ಮಗಳು ಉಸಿರು ಬಿಗಿಹಿಡಿದು ಕೂರುತ್ತಿದ್ದಳು.

ಒಮ್ಮೆ ವೆಲ್ಡಿಂಗ್ ಮಾಡುವಾಗ ಅವನ ಬಲತೋಳು ಸುಟ್ಟಿತು. ಬ್ಯಾಂಡೇಜಿನ ಮೇಲೆ ಪಟ್ಟಿ ಸುತ್ತಲಾಗದೆ ಆಕೆ ಎಡತೋಳಿಗೆ ಸುತ್ತಿದಳು. ನೂರ ಇಪ್ಪತ್ತೆಂಟು ಬಂತು. ಅವನು ನಕ್ಕ. ಅವನ ನಗು ಹೇಗಿರುತ್ತದೆಂಬುದೇ ಆಕೆಗೆ ಮರೆತುಹೋಗಿತ್ತು. ಗಾಯ ಮಾಯ್ದ ಮೇಲೆ, ಅವನು ಊಟ ಮುಗಿಸಿ ಗೊರಕೆ ಹೊಡೆಯುತ್ತಿದ್ದಾಗ, ಆಕೆ ಕಳ್ಳಿಯಂತೆ ಎರಡೂ ತೋಳಿಗೆ ಸುತ್ತಿ ನೋಡಿದಳು. ಎಡಕ್ಕಿಂತ ಬಲದಲ್ಲಿ ಬಹಳ ಹೆಚ್ಚಿತ್ತು. ಯಾಕೆಂದು ತಿಳಿಯಲಿಲ್ಲ, ತಿಳಿಯುವ ಗೋಜಿಗೂ ಹೋಗಲಿಲ್ಲ.

"ಹೃದಯ ಎಡಗಡೆ ಅಲ್ವಾ ಇರೋದು? ಆ ಕೈಯಲ್ಲೇ ನೋಡ್ಬೇಕಂತೆ," ಎಂದಳು ಮರುದಿನ. ಅವನು ಎಡಗೈ ಚಾಚಿದ. ಬೇಕಾದ ಸುಳ್ಳನ್ನು ನಂಬಲು ಯಾರಿಗೂ ಎರಡು ಸಲ ಹೇಳಬೇಕಾಗಿಲ್ಲ.

ಬೆಳಗಿನ ಏಟು ನಿಂತಿತು. ಬಿಪಿ ವಾಸಿಯಾಯಿತೆಂದು ಅವನೇ ತೀರ್ಮಾನಿಸಿ ಮಾತ್ರೆಗಳನ್ನು ಕಿಟಕಿಯಾಚೆ ಎಸೆದ. ಬೇರೆ ಹೊತ್ತಿನ ಏಟೇನೂ ನಿಲ್ಲಲಿಲ್ಲ. ಒಂದು ಮಧ್ಯಾಹ್ನ ಎಸೆದ ಲೋಟ ಆಕೆಯ ಹುಬ್ಬು ಸೀಳಿತು.

ಹುಬ್ಬಿನ ಹೊಲಿಗೆ ಬಿಚ್ಚಿಸಲು ಕ್ಲಿನಿಕ್ಕಿಗೆ ಹೋದಾಗ ಆಕೆ ಎರಡು ಕೈಯ ಸಂಗತಿಯನ್ನೂ ಅವನು ಮಾತ್ರೆ ಎಸೆದದ್ದನ್ನೂ ನರ್ಸಮ್ಮನಿಗೆ ತಮಾಷೆಯಾಗಿ ಹೇಳಿದಳು. ನರ್ಸಮ್ಮ ನಗಲಿಲ್ಲ, ಕತ್ತರಿ ಕೆಳಗಿಟ್ಟಳು.

"ಅಷ್ಟೊಂದು ವ್ಯತ್ಯಾಸ ಇದೆ ಅಂದ್ರೆ ಎಡತೋಳಿನ ರಕ್ತನಾಳ ಕಟ್ಕೊಂಡಿರಬೇಕು. ಅದಕ್ಕೇ ಅಲ್ಲಿ ಕಮ್ಮಿ ತೋರಿಸುತ್ತೆ. ಜಾಸ್ತಿ ತೋರಿಸೋ ಕೈನೇ ನಂಬಬೇಕು. ಇಂಥವರಿಗೆ ಲಕ್ವ ಹೊಡೆಯೋ ಅಪಾಯ ಬೇರೆಯವರಿಗಿಂತ ಹೆಚ್ಚು ಕಣಮ್ಮ. ಮಾತ್ರೆ ಬೇರೆ ಬಿಟ್ಟಿದಾರೆ. ಇವತ್ತೇ ಹೇಳು."

ಆಕೆ ನೇರ ಮನೆಗೆ ಬಂದು ಮಗಳಿಗೆ ಹೇಳಿದಳು.

"ಸುಮ್ನಿರಮ್ಮ," ಎಂದಳು ಮಗಳು. "ಹೇಳಿದ್ರೆ ನಿನ್ನನ್ನೇ ಕೊಲ್ತಾನೆ. ಬಿದ್ರೆ ಬೀಳಲಿ."

"ಗೊತ್ತಿಲ್ಲದಾಗ ಮಾಡಿದ್ದು ಬೇರೆ ಕಣೇ. ಗೊತ್ತಿದ್ದೂ ಸುಮ್ನಿದ್ರೆ ನಾನೇ ಕೊಂದ ಹಾಗೆ."

ಮಗಳು ಅಮ್ಮನ ಹುಬ್ಬಿನ ಗಾಯವನ್ನೇ ನೋಡುತ್ತ ಕೂತಳು.

ಮರುದಿನ ಬೆಳಿಗ್ಗೆ ಆಕೆ ಹಲ್ಲು ಕಚ್ಚಿಕೊಂಡು ಅವನ ಬಲತೋಳಿಗೇ ಪಟ್ಟಿ ಸುತ್ತಿದಳು. ಕೆಳಗೆ ಒಯ್ಯಬೇಕಾದ ಸುತ್ತಿಗೆ ಮೇಜಿನ ಮೇಲಿತ್ತು. ಗುಂಯ್ ಎಂದ ಮಷಿನ್ ನೂರ ಎಂಬತ್ತೆಂಟು ತೋರಿಸಿತು.

"ರೀ, ಇಷ್ಟು ದಿನ ಎಡಗೈಲಿ..."

ಅಷ್ಟೇ ಹೇಳಲಾಗಿದ್ದು. ಅವನು ಮಷಿನ್ನನ್ನೇ ಎತ್ತಿ ಆಕೆಯ ಮುಖಕ್ಕೆ ಅಪ್ಪಳಿಸಿದ. ದವಡೆ ಲಟಕ್ಕೆಂದಿತು. ಬಾಯಿಯಿಂದ ರಕ್ತ, ರಕ್ತದಲ್ಲಿ ಎರಡು ಹಲ್ಲು. ನೆಲಕ್ಕೆ ಬಿದ್ದವಳ ಪಕ್ಕೆಗೆ ಒದ್ದ. ಕೂದಲು ಹಿಡಿದು ತಲೆಯನ್ನು ಗೋಡೆಗೆ ಗುದ್ದಿದ. ತೋಳಿನಲ್ಲಿ ಇನ್ನೂ ಪಟ್ಟಿಯಿತ್ತು, ಕಿತ್ತುಬಂದ ನಳಿಗೆ ನೇತಾಡುತ್ತಿತ್ತು.

"ಮತ್ತೆ ಏರಿಸಿದೆಯಲ್ಲೇ, ಮುಂಡೇದೇ. ಮತ್ತೆ ಏರಿಸಿದೆಯಲ್ಲೇ."

ಎರಡನೇ ಸಲ ಗೋಡೆಗೆ ಗುದ್ದಲು ಎಳೆದಾಗ ಹಿಂದಿನಿಂದ ಮಗಳು ಬಂದಳು. ಕೂಗಲಿಲ್ಲ, ಅಳಲಿಲ್ಲ. ಮೇಜಿನ ಮೇಲಿದ್ದ ಸುತ್ತಿಗೆಯನ್ನು ಎರಡೂ ಕೈಯಲ್ಲಿ ಎತ್ತಿ ಅವನ ಬಲಮೊಣಕೈಗೆ ಬೀಸಿದಳು. ಮೂಳೆ ಮುರಿದ ಸದ್ದು ಕೆಳಗಿನ ಗ್ಯಾರೇಜಿನವರೆಗೂ ಕೇಳಿಸಿತು. ಬಿದ್ದವನ ಅದೇ ಕೈಗೆ ಇನ್ನೊಂದು ಏಟು ಹಾಕಿದಳು.

ಆಸ್ಪತ್ರೆಯಲ್ಲಿ ಎಲ್ಲರೂ ಮರ್ಯಾದೆ ಉಳಿಸಿಕೊಂಡರು. ಮಗಳ ಕೈಯಲ್ಲಿ ಏಟು ತಿಂದೆ ಎಂದು ಯಾವ ಗಂಡಸು ಹೇಳಿಯಾನು? ಕೈ ಮೇಲೆ ಬಾನೆಟ್ ಬಿತ್ತು ಎಂದ ಅವನು. ಹೆಂಡತಿ ಮೆಟ್ಟಿಲಲ್ಲಿ ಜಾರಿದಳು ಎಂದ. ಡಾಕ್ಟರು ಎರಡನ್ನೂ ಬರೆದುಕೊಂಡರು. ಅವನ ಬಲಗೈಗೆ ಭುಜದವರೆಗೆ ಪ್ಲಾಸ್ಟರು ಹಾಕಿದರು. ಆಕೆಯ ದವಡೆಯನ್ನು ತಂತಿಯಿಂದ ಬಿಗಿದರು.

ಅವನನ್ನು ಮನೆಗೆ ಕಳಿಸುವ ದಿನ ಡಾಕ್ಟರು ಬಿಪಿ ನೋಡಲು ಬಂದರು. ಎಡಗೈ ಬಿಟ್ಟರೆ ಬೇರೆ ಗತಿ ಇರಲಿಲ್ಲ.

"ನೂರ ಮೂವತ್ತು. ನೋವಲ್ಲೂ ಇಷ್ಟೇ ಇದೆಯಲ್ಲ, ಚೆನ್ನಾಗಿದೆ. ಮಾತ್ರೆ ಏನಾದ್ರೂ ತಗೋತೀರಾ?"

"ಏನೂ ಇಲ್ಲ ಸಾರ್. ಇವಳ ಮುಖ ನೋಡಿದಾಗ ಮಾತ್ರ ಏರುತ್ತೆ," ಎಂದು ಅವನು ಹಲ್ಲುಕಿರಿದ. "ಮನೆಗೆ ಹೋಗಿ ವಿಚಾರಿಸ್ಕೋತೀನಿ. ಎಡಗೈ ಇನ್ನೂ ಗಟ್ಟಿಯಾಗೇ ಇದೆ."

ಆಕೆ ಗೋಡೆ ಹಿಡಿದು ಮುಂದೆ ಬಂದಳು. ಬಾಯಿ ತೆರೆಯಲಾಗದೆ ಗಂಟಲಲ್ಲೇ ಏನೋ ಗುರುಗುಟ್ಟಿದಳು. ಪ್ಲಾಸ್ಟರಿನ ಕೈಯನ್ನು ತೋರಿಸಿದಳು, ಮತ್ತೆ ಮತ್ತೆ ತೋರಿಸಿದಳು.

"ಅದು ಕೂಡ್ಕೊಳ್ಳುತ್ತಮ್ಮ, ಹೆದರಬೇಡಿ," ಎಂದರು ಡಾಕ್ಟರು. ನಂತರ ಮಗಳ ಕಡೆ ತಿರುಗಿದರು. "ಅಮ್ಮ ಏನೋ ಹೇಳ್ತಿದಾರಾ?"

ಮಗಳು ಅಮ್ಮನನ್ನು ನೋಡಿದಳು, ಬಿಗಿದ ದವಡೆಯನ್ನು ನೋಡಿದಳು.

"ಇಲ್ಲ ಡಾಕ್ಟ್ರೇ. ಏನೂ ಇಲ್ಲ."

ಡಾಕ್ಟರ ಜೇಬಿನಲ್ಲಿ ಪೆನ್ನಿತ್ತು. ಆಕೆಗೆ ಬರೆಯಲು ಬರುತ್ತಿತ್ತು. ಕೈ ಚಾಚಿದ್ದರೆ ಎಟುಕುವಷ್ಟು ಹತ್ತಿರವಿತ್ತು. ಆಕೆ ಆ ಪೆನ್ನನ್ನೊಮ್ಮೆ ನೋಡಿದಳು. ಪ್ಲಾಸ್ಟರಿನತ್ತ ಚಾಚಿದ್ದ ಬೆರಳನ್ನು ಮಡಚಿ ಕೈ ಇಳಿಸಿ, ಮಗಳ ಪಕ್ಕದಲ್ಲಿ ಹೋಗಿ ಕೂತಳು. ಪಾಪಪ್ರಜ್ಞೆ ಕಾಡುತ್ತದೆಂದು ಸ್ವಲ್ಪ ಹೊತ್ತು ಕಾದಳು. ಕಾಡಲಿಲ್ಲ.