ಬಿಗಿದ ಉಡುದಾರ

"ಏಳನೇ ಕ್ಲಾಸಿಗೇ ಇಸ್ಕೂಲ್ ಬುಟ್ಟೋನ ಕೈಗೆ ನನ್ ತಮ್ಮನ ಹೊಟ್ಟೆ ಕೊಟ್ರೆ ಇನ್ನೇನಾಯ್ತದೆ? ಅದೇನು ನಿನ್ನ ಲೇತ್ ಮಿಷಿನ್ನೇನ್ಲಾ, ತೂರಿಸಿ ತಿರುವೋಕೆ?"

ತುಮಕೂರಿನ ನರ್ಸಿಂಗ್ ಹೋಮಿನ ವರಾಂಡದಲ್ಲಿ ಕೂತಿದ್ದವರೆಲ್ಲ ಕತ್ತೆತ್ತಿದರು. ಗುಬ್ಬಿಯ ಮೇಷ್ಟರು ವೆಂಕಟರಂಗಯ್ಯನವರಿಗೆ ಮೆಲ್ಲಗೆ ಬೈದು ಗೊತ್ತಿಲ್ಲ. ಮಹಾದೇವನ ಮೈಯೆಲ್ಲ ಉರಿದುಹೋಯಿತು. ದೊಡ್ಡಪ್ಪ ಅನ್ನುವ ಒಂದೇ ಕಾರಣಕ್ಕೆ ಮುಷ್ಟಿ ಜೇಬಿನಲ್ಲೇ ಉಳಿಯಿತು.

ಅಪ್ಪ ಮುದ್ದಯ್ಯನಿಗೆ ಲಕ್ವ ಹೊಡೆದು ಗುಟುಕು ನೀರೂ ಗಂಟಲಲ್ಲಿ ಇಳಿಯದಾದಾಗ, ಬೆಂಗಳೂರಿನ ಆಸ್ಪತ್ರೆಯವರು ಹೊಟ್ಟೆಗೇ ತೂತು ಮಾಡಿ ಟ್ಯೂಬು ಇಟ್ಟು ಕಳಿಸಿದ್ದರು. ಅಂದಿನಿಂದ ತುಮಕೂರಿನಂಚಿನ ಸತ್ಯಮಂಗಲದ ಕಾರ್ಖಾನೆಯ ಲೇತ್ ಕೆಲಸದ ಹಿಂದೆ ಮುಂದೆ ರಾಗಿ ಗಂಜಿ ಸೋಸಿ ಹುಯ್ಯುತ್ತಿದ್ದವನು ಮಹಾದೇವನೇ. ಮೊನ್ನೆಯಿಂದ ಹುಯ್ದದ್ದೆಲ್ಲ ಹೊರಕ್ಕೇ ಬರುತ್ತಿತ್ತು. ಟ್ಯೂಬಿನ ಸುತ್ತ ಕೀವು. ಇನ್ನೊಂದು ಸಲ ಹೊಟ್ಟೆ ಕುಯ್ದರೆ ಮುದುಕ ಉಳಿಯುವುದಿಲ್ಲವೆಂದು ಸರ್ಜನ್ ಕೈಚೆಲ್ಲಿದ್ದರು. ಇನ್ನುಳಿದಿದ್ದು ಡಾಕ್ಟರ್ ಮನ್ಸೂರ್ ಅಲಿಯವರ ಎಂಡೋಸ್ಕೋಪು ಒಂದೇ; ಬಾಯಿಂದ ಹೊಟ್ಟೆಗಿಳಿಸಿ ಒಳಗೆ ನೋಡುವ ಕಪ್ಪು ಕೊಳವೆ.

ಬಾಗಿಲು ತೆರೆದು ಡಾಕ್ಟರ್ ಹೊರಬಂದರು. "ಜೀವಕ್ಕೇನೂ ಭಯ ಇಲ್ಲ. ಟ್ಯೂಬಿನ ಒಳತುದೀಲಿ ಒಂದು ಬಿಲ್ಲೆ ಇರುತ್ತೆ. ಅದು ಹೊಟ್ಟೆ ಗೋಡೆಯೊಳಗೇ ಹೂತುಹೋಗಿ, ಮೇಲೆ ಮಾಂಸ ಬೆಳೆದುಬಿಟ್ಟಿತ್ತು. ಒಳಗಿಂದ್ಲೇ ಕುಯ್ದು ಬಾಯಿಂದ ತೆಗ್ದಿದೀನಿ. ಹೊಸದು ಹಾಕಿದೀನಿ."

"ಇವ್ನೇ ಏನೋ ತೂರಿಸವ್ನೆ, ಅಲ್ವಾ ಸಾರ್?"

"ಇಲ್ಲ ಮೇಷ್ಟ್ರೇ. ಯಾರೋ ಟ್ಯೂಬನ್ನ ಹೊರಕ್ಕೆ ಎಳೆದು ಬಿಗಿದಿದಾರೆ, ಅದಕ್ಕೇ ಬಿಲ್ಲೆ ಹೂತಿದೆ." ಡಾಕ್ಟರ್ ಅಂಗೈ ಬಿಡಿಸಿದರು. ಕತ್ತರಿಸಿದ ಕೆಂಪು ಉಡುದಾರ. "ಟ್ಯೂಬನ್ನ ಇದಕ್ಕೆ ಗಂಟು ಹಾಕಿದ್ರು. ಯಾರು?"

ಮಹಾದೇವನಿಗೆ ಆ ಗಂಟಿನ ಗುರುತು ಸಿಕ್ಕಿತು. ಬೆಂಗಳೂರಿನಲ್ಲಿ ಆಪರೇಷನ್ನಿಗೆಂದು ಅಪ್ಪನ ಉಡುದಾರ ಕತ್ತರಿಸಿದ್ದು ಕೇಳಿ ದೊಡ್ಡಪ್ಪನೇ ಗುಬ್ಬಿಯಿಂದ ಹೊಸದು ತಂದಿದ್ದರು. "ಉಡುದಾರ ಕೀಳೋದು ಹೆಣಕ್ಕೆ ಕಣ್ರೋ, ನನ್ ತಮ್ಮ ಇನ್ನೂ ಬದುಕವ್ನೆ!" ಎಂದು ಅಳುತ್ತಲೇ ಕಟ್ಟಿ, ಟ್ಯೂಬು ಜೋತಾಡದಿರಲೆಂದು ಅದಕ್ಕೇ ಸೇರಿಸಿ ಗಂಟು ಹಾಕಿದ್ದರು. ಭಾನುವಾರ ಬಂದಾಗಲೆಲ್ಲ ಸಡಿಲವಾಯಿತೆಂದು ಮತ್ತೆ ಬಿಗಿಯುತ್ತಿದ್ದರು. ಪಕ್ಕದಲ್ಲೇ ನಿಂತು ಮಹಾದೇವನೂ ನೋಡಿದ್ದ, ಅಚ್ಚುಕಟ್ಟಾಯಿತು ಅಂದುಕೊಂಡಿದ್ದ.

ಮೇಷ್ಟರು ಮಹಾದೇವನತ್ತ ತಿರುಗಿದರು.

"ಒಳ್ಳೇದಕ್ಕೇ ಕಟ್ದೆ ಕಣೋ ಮಾದೇವ... ಏನಾದ್ರೂ ಮಾತಾಡೋ. ಬೈಯಾದ್ರೂ ಬೈಯೋ."

ಮಹಾದೇವ ಬೆಂಚಿನ ಮೇಲಿದ್ದ ಗಂಜಿ ಸೋಸುವ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು, ದೊಡ್ಡಪ್ಪನ ಪಕ್ಕದಲ್ಲೇ ಹಾದು ಅಪ್ಪನ ರೂಮಿನತ್ತ ನಡೆದುಬಿಟ್ಟ.