ಪಂಕಜಮ್ಮ ಬೀಗ ಹಾಕಿ ಹೋಗುತ್ತಿದ್ದ ಮನೆ

ನಾನು ಒಂದು ಮನೆ. ದೊಡ್ಡಬಳ್ಳಾಪುರ ದಾಟಿದ ಮೇಲೆ, ರಾಗಿ ಹೊಲವನ್ನು ಸೈಟುಗಳಾಗಿ ಕತ್ತರಿಸಿದ ಬಡಾವಣೆಯೊಂದರಲ್ಲಿ ನನ್ನನ್ನು ಕಟ್ಟಿದರು. ಸುತ್ತಲೂ ಕಲ್ಲು ನೆಟ್ಟ ಖಾಲಿ ಸೈಟುಗಳು, ಆಚೆಗೆ ನೀಲಗಿರಿ ತೋಪು. ಗಾರೆ ಕೆಲಸದವರು ಗೋಡೆಗೆ ನೀರುಣಿಸುತ್ತಾ ಹಾಡಿಕೊಳ್ಳುತ್ತಿದ್ದರು, ನನ್ನೊಳಗೇ ಅನ್ನ ಬೇಯಿಸಿಕೊಳ್ಳುತ್ತಿದ್ದರು. ಬಣ್ಣ ಒಣಗಿದ ದಿನ ಅವರೂ ಹೊರಟುಹೋದರು.

ನನ್ನನ್ನು ಕೊಂಡವರು ಸಂಜೀವಯ್ಯ, ಕಾರ್ಖಾನೆಯಲ್ಲಿ ಲೇತ್ ಯಂತ್ರ ನಡೆಸುವವರು. ಮದುವೆಯಾದಾಗಿನಿಂದ ಬೆಂಗಳೂರಿನ ಶ್ರೀರಾಂಪುರದ ವಠಾರವೊಂದರಲ್ಲಿ, ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿದ್ದರು. ಅಲ್ಲಿ ಮಾಲೀಕ ನೀರು ನಿಲ್ಲಿಸಿದರೂ ಯಾರೂ ಸೊಲ್ಲೆತ್ತುವಂತಿರಲಿಲ್ಲ. ಕಾರ್ಖಾನೆ ಈ ಕಡೆಗೆ ಬಂದಾಗ, ಬೆಂಗಳೂರಿನಲ್ಲಿ ಕೈಗೆಟುಕದ ಸ್ವಂತ ಮನೆ ಇಲ್ಲಿ ಎಟುಕಿತು. ಗೃಹಪ್ರವೇಶದ ದಿನ ಅವರು ನಲ್ಲಿ ತಿರುಗಿಸಿ, ನಿಲ್ಲಿಸಿ, ಮತ್ತೆ ತಿರುಗಿಸಿ ಮಗುವಿನಂತೆ ನಕ್ಕರು. ಹೆಂಡತಿ ಪಂಕಜಮ್ಮನೂ ನಕ್ಕರು, ವಠಾರದವರು ಬಂದಿದ್ದ ವ್ಯಾನು ತಿರುವಿನಲ್ಲಿ ಮರೆಯಾಗುವವರೆಗೆ.

ಅವರಿಗೆ ಮಕ್ಕಳಿರಲಿಲ್ಲ. ಗಂಡ ಕೆಲಸಕ್ಕೆ ಹೋದ ಮೇಲೆ ಪಂಕಜಮ್ಮ ಕೋಣೆಯಿಂದ ಕೋಣೆಗೆ ಸುಮ್ಮನೆ ಓಡಾಡುತ್ತಿದ್ದರು. ಒಗ್ಗರಣೆ ಹಾಕಿದರೆ ಇವತ್ತೇನು ಸಾರು ಎಂದು ಗೋಡೆಯಾಚೆಯಿಂದ ಕೇಳುವವರಿಲ್ಲ. ಅವರು ಕೆಮ್ಮಿದರೆ ನಾನು ಆ ಕೆಮ್ಮನ್ನೇ ಮರಳಿಸುತ್ತಿದ್ದೆ; ನನಗೆ ಬರುತ್ತಿದ್ದುದು ಅಷ್ಟೇ. ಕೆಲವು ವಾರ ಕಳೆದ ಮೇಲೆ, ಗಂಡನ ಸ್ಕೂಟರಿನ ಸದ್ದು ಅಡಗಿದ ಕೂಡಲೇ ಅವರು ಆಗಾಗ ನನಗೆ ಬೀಗ ಹಾಕಿ ಬಸ್ಸಿಗೆ ಹೋಗತೊಡಗಿದರು. ಸಂಜೆ ಗಂಡ ಬರುವುದರೊಳಗೆ ಮರಳಿ, ಇಡೀ ದಿನ ಇಲ್ಲೇ ಇದ್ದವರಂತೆ ಕಾಫಿಗೆ ಇಡುತ್ತಿದ್ದರು.

ಒಂದು ದಿನ ಜ್ವರ ಬಂದು ಸಂಜೀವಯ್ಯ ಮಧ್ಯಾಹ್ನವೇ ಬಂದರು. ಬಾಗಿಲಿಗೆ ಬೀಗ. ಹೆಂಡತಿಗೆ ಫೋನು ಮಾಡಿದರೆ ಅದು ಒಳಗೇ ರಿಂಗಾಯಿತು. ಮೆಟ್ಟಿಲ ಮೇಲೆ ಕೂತು ಕಾದರು. ಬಿಸಿಲು ಇಳಿದಾಗ ಪಂಕಜಮ್ಮ ಬಂದರು, ಸೀರೆಯ ಅಂಚೆಲ್ಲ ಕೆಂಪು ಧೂಳು.

"ಎಲ್ಲಿಗ್ ಹೋಗಿದ್ದೆ?"

"ಮನೆಗೆ."

ಸಂಜೀವಯ್ಯ ತಿರುಗಿ ನನ್ನ ಬಾಗಿಲನ್ನು ನೋಡಿದರು. ನಾನೂ ಆ ಮಾತು ಕೇಳಿಸಿಕೊಂಡಿದ್ದೆ.

"ಇನ್ಮೇಲೆ ಹೋಗಲ್ಲ ಬಿಡಿ," ಎಂದರು ಪಂಕಜಮ್ಮ. "ವಠಾರ ಒಡೀತಾ ಇದಾರೆ. ನಮ್ ರೂಮಿಗೆ ಸೂರೇ ಇಲ್ಲ."

ಆ ಕೋಣೆಯನ್ನು ಅಷ್ಟು ವರ್ಷ ಬೈದುಕೊಂಡೇ ಬದುಕಿದ್ದ ಸಂಜೀವಯ್ಯ, ಪಕ್ಕದ ಕೋಣೆಯ ಗಿರಿಜಕ್ಕ ಎಲ್ಲಿಗೆ ಹೋದರೆಂದು ಕೇಳಿದರು. ಮಗಳ ಊರಿಗಂತೆ, ಮುಖ ನೋಡುವುದಕ್ಕೂ ಸಿಗಲಿಲ್ಲ ಎಂದರು ಪಂಕಜಮ್ಮ. ಸಂಜೀವಯ್ಯ ಮೆಟ್ಟಿಲ ಮೇಲೆ ಸರಿದು ಜಾಗ ಕೊಟ್ಟರು. ಪಂಕಜಮ್ಮ ಕೂತರು. ಕೈಗೆ ಕೈ ತಗುಲಿದಾಗಲೇ ಗಂಡನ ಮೈ ಸುಡುತ್ತಿದೆಯೆಂದು ಅವರಿಗೆ ತಿಳಿದದ್ದು. ಎದ್ದು ಬೀಗ ತೆಗೆದರು.

ಈಗ ನನಗೂ ವಯಸ್ಸಾಗಿದೆ. ತಾರಸಿಯಲ್ಲಿ ಬಿರುಕು, ಸ್ನಾನದ ಮನೆಯ ಗೋಡೆಗೆ ತೇವ. ಎದುರಿಗೆ ಎದ್ದ ಮನೆಗಳಲ್ಲಿ ಯಾರೂ ವಾಸಕ್ಕೆ ಬರಲಿಲ್ಲ. ಪಂಕಜಮ್ಮ ಎಲ್ಲಿಗೂ ಹೋಗುವುದಿಲ್ಲ. ಅಪರೂಪಕ್ಕೆ ಗಿರಿಜಕ್ಕ ಫೋನು ಮಾಡಿದರೆ, "ಹೊಸ ಮನೇಲೇ ಇದೀನಿ ಕಣಕ್ಕ," ಎನ್ನುತ್ತಾರೆ. ನನ್ನ ಬಣ್ಣ ಎಷ್ಟೋ ಸಲ ಬದಲಾಯಿತು, ಆ ಹೆಸರು ಬದಲಾಗಲಿಲ್ಲ. 'ಹೊಸ' ಎನ್ನುವ ಆ ಮಾತು ಒಂದು ದಿನ ಅವರ ಬಾಯಿಂದ ತಾನಾಗಿ ಬಿದ್ದುಹೋಗಲಿ ಎಂದು ನಾನಿಲ್ಲಿ ಕಾದಿದ್ದೇನೆ.